ಹೆಸರು ತೆಗೆದ ಜಾಗ

"ಅಳು ತುಂಬಾ ಚೆನ್ನಾಗಿ ಬಂತಮ್ಮ. ಆದ್ರೆ ಮಧ್ಯ ಆಟೋ ಹಾರ್ನ್ ಬಿತ್ತು. ಇನ್ನೊಂದ್ಸಲ ಅಳ್ತೀರಾ?"

ಲಕ್ಷ್ಮೀದೇವಮ್ಮ ಸೆರಗಿನಿಂದ ಮೂಗೊರೆಸಿಕೊಂಡಳು. "ನಲ್ಲಿ ನೀರೇನ್ ಸ್ವಾಮಿ ಅದು, ತಿರುಗಿಸ್ದಾಗೆಲ್ಲ ಬರಾಕೆ?"

ರೇಡಿಯೋದ ಮಧುಸೂದನ್ ನಕ್ಕ. ಚಾಮರಾಜಪೇಟೆಯ ಈ ಅಡ್ಡರಸ್ತೆಯ ಮ್ಯಾನ್‌ಹೋಲಿಗೆ ಇಳಿದ ಅವಳ ಗಂಡ ಓಬಳಪ್ಪ ಹೆಣವಾಗಿ ಮೇಲೆ ಬಂದು ನಲವತ್ತು ದಿನ. ಅದರ ಮೇಲೆ ಕಾರ್ಯಕ್ರಮ. ಮಧುಸೂದನ್ ಅವಳ ಕೈಯಲ್ಲಿ ಮೂರು ಸಲ ಮುಚ್ಚಳ ಎತ್ತಿಸಿ ಸದ್ದು ಹಿಡಿದಿದ್ದ. ಬೀದಿ ಗುಡಿಸುವ ಅವಳ ಪೊರಕೆಯ ಸದ್ದು ಸಾಲದೆಂದು ಒಣ ಎಲೆ ಸುರಿದು ಗುಡಿಸಲು ಹಚ್ಚಿದ್ದ.

ಅವಳು ಎಲ್ಲಕ್ಕೂ ಒಪ್ಪಿದ್ದು ಒಂದೇ ಕಾರಣಕ್ಕೆ. ಕಾಲು ಜಾರಿ ಬಿದ್ದ ಎಂದು ಪೊಲೀಸರು ಬರೆದುಕೊಂಡಿದ್ದರು. ಗಂಡನನ್ನು ಹೆದರಿಸಿ ಇಳಿಸಿದ ಕಾಂಟ್ರಾಕ್ಟರ್ ರುದ್ರೇಶನ ಹೆಸರು ರೇಡಿಯೋದಲ್ಲಾದರೂ ಊರಿಗೆಲ್ಲ ಕೇಳಬೇಕಿತ್ತು.

ರುದ್ರೇಶ ರಸ್ತೆಯಾಚೆ ಬುಲೆಟ್ ಮೇಲೆ ಕೂತಿದ್ದ. ಬೆಳಗಿನಿಂದ ಅಲ್ಲೇ ಇದ್ದ. ಬರೀ ನೋಡುತ್ತಿದ್ದ.

"ಅಳು ಬೇಡ ಬಿಡಿ," ಎಂದ ಮಧುಸೂದನ್. "ಈಗ ಒಂದ್ ನಿಮಿಷ ಉಸಿರೆತ್ಬೇಡಿ. ಈ ಜಾಗದ ಮೌನ ಬೇಕು."

"ಮೌನ ಯಾಕೆ?"

"ಮಾತು ಕತ್ತರಿಸಿದ್ ಕಡೆ ತೇಪೆ ಹಾಕೋಕೆ. ಇಲ್ಲಾಂದ್ರೆ ಕೇಳೋರಿಗೆ ಗೊತ್ತಾಗ್ಬಿಡುತ್ತೆ."

"ಯಾವ ಮಾತು ಕತ್ತರಿಸ್ತೀರಾ?"

ಅವನು ಹೆಡ್‌ಫೋನು ಸರಿಮಾಡಿಕೊಂಡ. "ಆ ಹೆಸರು. ಕೇಸ್ ಹಾಕ್ತಾರಮ್ಮ. ನಿಮ್ಮ ನೋವು ಮಾತ್ರ ಪೂರ್ತಿ ಇರುತ್ತೆ. ಪ್ರಶಸ್ತಿ ಬಂದ್ರೂ ಬರ್ಬೋದು."

ತುಟಿಗೆ ಬೆರಳಿಟ್ಟು ರೆಕಾರ್ಡರಿನ ಗುಂಡಿ ಒತ್ತಿದ. ಕೆಂಪು ದೀಪ ಹತ್ತಿತು.

"ರುದ್ರೇಶ," ಎಂದಳು ಲಕ್ಷ್ಮೀದೇವಮ್ಮ.

"ಅಮ್ಮಾ, ಸೈಲೆನ್ಸ್." ನಿಲ್ಲಿಸಿ ಮತ್ತೆ ಒತ್ತಿದ.

"ರುದ್ರೇಶ. ಇಳೀದಿದ್ರೆ ನಾಳೆಯಿಂದ ಕೆಲ್ಸ ಇಲ್ಲ ಅಂದೋನು ರುದ್ರೇಶ. ಹಗ್ಗ ಕೇಳಿದ್ರೆ, ಹೆಂಡ್ತಿ ಸೀರೆ ಕಟ್ಕೊಂಡ್ ಇಳಿಯೋ ಸೂಳೆಮಗ್ನೆ ಅಂದೋನು ರುದ್ರೇಶ."

ಆಚೆ ಬದಿ ಬುಲೆಟ್ಟಿನ ಸ್ಟ್ಯಾಂಡು ಟಣ್ಣೆಂದಿತು. ಅವನು ಇಳಿದು, ಅವಸರವಿಲ್ಲದೆ ರಸ್ತೆ ದಾಟತೊಡಗಿದ.

"ಸುಮ್ನಿರ್ರೀ, ಬರ್ತಿದಾನೆ." ಮಧುಸೂದನನ ಬೆರಳು ನಿಲ್ಲಿಸುವ ಗುಂಡಿಗೆ ಹೋಯಿತು.

ಬೆಳಗ್ಗೆ ನೀರಿನ ಬಾಟಲಿಯನ್ನು ಅವಳ ಕೈಗೆ ಕೊಡದೆ ಜಗಲಿಯ ಮೇಲಿಟ್ಟು ಸರಿದಿದ್ದ ಕೈ ಅದು. ಲಕ್ಷ್ಮೀದೇವಮ್ಮ ಅದರ ಮಣಿಕಟ್ಟನ್ನು ಹಿಡಿದಳು. ಮುಚ್ಚಳ ಎತ್ತಿ ಎತ್ತಿ ತುಕ್ಕು ಮೆತ್ತಿದ್ದ ಬೆರಳುಗಳು ಬಿಡಲಿಲ್ಲ.

ಕೆಂಪು ದೀಪ ಉರಿಯುತ್ತಲೇ ಇತ್ತು. ಬೂಟಿನ ಸದ್ದು ಮೈಕಿಗೆ ಹತ್ತಿರವಾಗುತ್ತಿತ್ತು.