ಹನ್ನೊಂದನೆಯ ಪ್ರಶ್ನೆ

ಬಾಯಿ ತೆರೆಸುವುದು ಮಾರ್ಥಾಳ ಕೆಲಸವಾಗಿತ್ತು.

ಕೇಳಿದವರು ನಗುತ್ತಿದ್ದರು. ದಾಂಡೇಲಿಯ ಕಾಗದದ ಮಿಲ್ಲಿಗೆ ಬಿದಿರು ಕಡಿಯಲು ಹೋಗುವ ಅವಳ ಗಂಡ ಬಸ್ತ್ಯಾಂವನಂತೂ ಕೊಡಲಿ ಹೆಗಲಿಗೇರಿಸುವಾಗ, "ಇವತ್ತ ಎಷ್ಟ ಮಂದಿ ಹಲ್ಲ ಎಣಸಾಕಿ?" ಎಂದು ಕೇಳಿಯೇ ಹೊರಬೀಳುತ್ತಿದ್ದ.

"ಮೊದಲ ನಿಮ್ಮವು ಎಣಸ್ತೇನಿ ಬರ್ರಿ. ಎಷ್ಟ ಉಳದಾವ ನೋಡೂಣು" ಎನ್ನುತ್ತಿದ್ದಳು ಮಾರ್ಥಾ.

ಆದರೆ ಅದು ಹಗುರವಾದ ಕೆಲಸವಾಗಿರಲಿಲ್ಲ. ಹಳಿಯಾಳದ ಸುತ್ತಿನ ಕಾಡಿನ ಹಳ್ಳಿಗಳಲ್ಲಿ ಹೆಂಗಸರು ನಗುವಾಗಲೂ ಸೆರಗು ಅಡ್ಡ ಹಿಡಿಯುತ್ತಿದ್ದರು. ಅಂಥವರು ಗುರುತಿಲ್ಲದವರ ಮುಂದೆ ಕೂತು, ಬ್ಯಾಟರಿಯ ಬೆಳಕಿನಲ್ಲಿ ಗಲ್ಲದ ಒಳಭಾಗ ತೋರಿಸಬೇಕಾದರೆ ಪಕ್ಕದಲ್ಲಿ ತಮ್ಮವಳೊಬ್ಬಳು ಇರಲೇಬೇಕಿತ್ತು. ಎಂಬತ್ಮೂರನೆಯ ಇಸವಿಯ ಸುಗ್ಗಿ ಮುಗಿದ ಮೇಲೆ, ಬಾಯಿಯ ಕ್ಯಾನ್ಸರಿನ ಸಂಶೋಧನೆಗೆಂದು ದೂರದ ದೊಡ್ಡ ಆಸ್ಪತ್ರೆಯಿಂದ ಜೀಪು ಬಂದಾಗ, ಹಳಿಯಾಳದ ಸಿಸ್ಟರುಗಳ ದವಾಖಾನೆಯಲ್ಲಿ ಹತ್ತು ವರ್ಷ ಆಯಾ ಆಗಿದ್ದ ಮಾರ್ಥಾಳನ್ನು ಆರಿಸಿಕೊಂಡದ್ದು ಅದಕ್ಕೇ. ಅವಳು ಸಿದ್ದಿಯವಳು, ಹಿಂದೆಂದೋ ಆಫ್ರಿಕಾದಿಂದ ಬಂದು ಈ ಕಾಡಿನಲ್ಲಿ ನೆಲೆಸಿದವರ ಕುಲ. ಕನ್ನಡ ಓದಲು ಬರುತ್ತಿತ್ತು. ಕೊಂಕಣಿ, ಮರಾಠಿ ಎರಡೂ ನಾಲಿಗೆಯ ಮೇಲಿದ್ದವು.

ಜೀಪಿನಲ್ಲಿ ಇದ್ದವರು ಇಬ್ಬರೇ. ಒಬ್ಬಳು ಮೈಸೂರು ಕಡೆಯ ಲೇಡಿ ಡಾಕ್ಟರು. ಅವಳ ಉದ್ದನೆಯ ಹೆಸರು ಯಾರ ಬಾಯಲ್ಲೂ ಹೊರಳದೆ, ಎಲ್ಲರಿಗೂ ಅವಳು ಡಾಕ್ಟರಬಾಯಿಯೇ ಆದಳು. ಇನ್ನೊಬ್ಬ ಧಾರವಾಡದ ಶಂಕ್ರಪ್ಪ. ಜೀಪು ನಡೆಸುವವನೂ ಅವನೇ, ಫಾರ್ಮು ತುಂಬುವವನೂ ಅವನೇ. ಹಿಂದಿನ ಸೀಟಿನಲ್ಲಿ ಹಳೆ ಕಂಬಳಿ ಸುತ್ತಿದ ಪೆಟ್ಟಿಗೆಯೊಳಗೆ ಸೂಕ್ಷ್ಮದರ್ಶಕ ಇರುತ್ತಿತ್ತು. ಕೂಸನ್ನು ತೊಡೆಯ ಮೇಲಿಟ್ಟುಕೊಂಡ ಹಾಗೆ ಮಾರ್ಥಾ ಅದನ್ನು ಹಿಡಿದು ಕೂರುತ್ತಿದ್ದಳು.

ಕೆಲಸದ ರೀತಿ ಹೀಗಿತ್ತು. ಮೊದಲು ಶಂಕ್ರಪ್ಪ ಇಪ್ಪತ್ತು ಪ್ರಶ್ನೆ ಕೇಳಿ ಬರೆದುಕೊಳ್ಳುವುದು. ಆಮೇಲೆ ಡಾಕ್ಟರಬಾಯಿ ಬಾಯಿ ನೋಡುವುದು. ಒಳಗೆ ಬಿಳಿ ಮಚ್ಚೆ ಕಂಡರೆ ಅದಕ್ಕೆ ಒಂದು ನೀಲಿ ದ್ರಾವಣ ಹಚ್ಚಿ, ಬಾಯಿ ಮುಕ್ಕಳಿಸಲು ಹೇಳುವುದು. ಒಳ್ಳೆಯ ಚರ್ಮದಿಂದ ನೀಲಿ ತೊಳೆದುಹೋಗುತ್ತಿತ್ತು. ಉಳಿದುಕೊಂಡ ಜಾಗದ ಮೇಲೆ ಸಂಶಯ. ಅಲ್ಲಿಂದ ಕೆರೆದು ಗಾಜಿನ ಪಟ್ಟಿಗೆ ಸವರಿ ಸೂಕ್ಷ್ಮದರ್ಶಕದಡಿ ಇಡುವುದು.

"ನನ್ನ ಬಾಯಿ ಏನ ಧೋತರ ಏನವಾ, ನೀಲಿ ಹಾಕಾಕ?" ಎಂದು ಕೇಳಿದವಳು ಸಕ್ಕುಬಾಯಿ.

ಜೋಯಿಡಾ ರಸ್ತೆಯಿಂದ ನಾಲ್ಕು ಮೈಲು ಒಳಗಿದ್ದ ಆ ಸಿದ್ದಿ ಹಳ್ಳಿಗೆ ಐವತ್ತೈದರ ಸಕ್ಕುಬಾಯಿಯೇ ಹಿರಿಯಳು. ಮಾರ್ಥಾಳಿಗೆ ದೂರದ ಸಂಬಂಧದಲ್ಲಿ ಚಿಕ್ಕಮ್ಮನಾಗಬೇಕು. ಶಾಲೆಯ ಕಟ್ಟೆಯ ಮೇಲೆ ಅವಳು ಕೂತ ಮೇಲೆಯೇ ಉಳಿದ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಶಂಕ್ರಪ್ಪ ಹನ್ನೊಂದನೆಯ ಪ್ರಶ್ನೆಗೆ ಬಂದ.

"ತಂಬಾಕ ತಿಂತೀರೇನ್ವಾ?"

"ತಂಬಾಕ ತಿನ್ನಾಕ ನಾನೇನ ಗಂಡಸೇನೋ ತಮ್ಮಾ? ನಿನಗ ಮೀಸಿ ಕಾಣತಾವೇನ ನನ್ನ ಮಾರಿ ಮ್ಯಾಗ?"

ಕಟ್ಟೆ ತುಂಬ ನಗು. ಶಂಕ್ರಪ್ಪ 'ಇಲ್ಲ' ಎಂದು ಗೀಟು ಹಾಕಿದ. ಆ ಸಂಜೆಯವರೆಗೆ ಕೇಳಿದ ಮುನ್ನೂರ ಹನ್ನೆರಡು ಸಿದ್ದಿ ಹೆಂಗಸರಲ್ಲಿ ಎಲ್ಲರದೂ 'ಇಲ್ಲ'ವೇ. ಮೊದಲ ದಿನ, ಬೇರೆಯವರ ಅಂಜಿಕೆ ಬಿಡಿಸಲೆಂದು ಮಾರ್ಥಾ ತಾನೇ ಮೊದಲು ಕೂತು ಬಾಯಿ ತೋರಿಸಿದ್ದಳು. ಒಂದನೆಯ ನಂಬರಿನ ಆ ಫಾರ್ಮಿನಲ್ಲೂ 'ಇಲ್ಲ' ಎಂದೇ ಇತ್ತು.

ಸಕ್ಕುಬಾಯಿಯ ಕೆಳದುಟಿಯ ಒಳಗೆ, ಎಡಗಡೆ, ಹೆಬ್ಬೆರಳಿನಷ್ಟು ಅಗಲದ ಮಚ್ಚೆ. ನೀಲಿ ಹಚ್ಚಿದರು. ಮೂರು ಸಲ ಮುಕ್ಕಳಿಸಿದರೂ ಅದು ಹೋಗಲಿಲ್ಲ.

ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ಶಾಲೆಯ ಕೋಣೆಯಲ್ಲಿ ಡಾಕ್ಟರಬಾಯಿ ಫಾರ್ಮುಗಳನ್ನು ಹರಡಿಕೊಂಡು ಕೂತಿದ್ದಳು. ದಾಂಡೇಲಿಯ ಮಿಲ್ಲಿನ ಕಾಲನಿಯಲ್ಲಿ ನೋಡಿದ್ದ ಹೆಂಗಸರ ಫಾರ್ಮುಗಳು ಒಂದು ಕಡೆ, ಸಿದ್ದಿ ಹಳ್ಳಿಗಳವು ಇನ್ನೊಂದು ಕಡೆ.

"ವಿಚಿತ್ರ ಅಲ್ವಾ ಮಾರ್ಥಮ್ಮ?" ಎಂದಳು. "ಕಾಲನೀಲಿ ಮಚ್ಚೆ ಇರೋರು ನೂರಕ್ಕೆ ಒಬ್ಬರೋ ಇಬ್ಬರೋ. ಇಲ್ಲಿ ನೂರಕ್ಕೆ ಒಂಬತ್ತು ಜನ. ಅವರೂ ತಂಬಾಕು ಮುಟ್ಟಲ್ಲ, ಇವರೂ ಮುಟ್ಟಲ್ಲ. ಊಟ ಹೆಚ್ಚುಕಡಿಮೆ ಒಂದೇ. ಹಾಗಾದ್ರೆ ಇದು ರಕ್ತದಲ್ಲೇ ಇರಬೇಕು. ಹುಟ್ಟಿನಿಂದ ಬಂದದ್ದು. ಶನಿವಾರ ವರದಿ ಕಳಿಸಬೇಕು, ಹಾಗಂತಲೇ ಬರೀತೀನಿ. ನಾಳೆಯಿಂದ ಎಲ್ಲರ ರಕ್ತ ತಗೊಳ್ಳೋಣ. ನೀವೇ ಎಲ್ಲರಿಗೂ ಒಪ್ಪಿಸಬೇಕು."

ಡಾಕ್ಟರಬಾಯಿ ಒಳ್ಳೆಯವಳು. ಸಿದ್ದಿಯವರ ಮನೆಯಲ್ಲಿ ಕೂತು ನೀರು ಕುಡಿದವಳು. ಅವಳ ಮಾತಿನಲ್ಲಿ ಕೀಳಾಗಿ ಕಾಣುವ ದನಿ ಒಂದಿಷ್ಟೂ ಇರಲಿಲ್ಲ. ಅದಕ್ಕೇ ಮಾರ್ಥಾಳಿಗೆ ಸಿಟ್ಟು ಮಾಡಲೂ ಬರಲಿಲ್ಲ. "ಹೂಂ ರೀ ಬಾಯಾರ" ಎಂದು ಹೊರಗೆ ಬಂದಳು.

ರಕ್ತ. ಅವಳು ಆರು ವರ್ಷದವಳಿದ್ದಾಗ ಟೋಪಿ ಹಾಕಿದ ಇಬ್ಬರು ಬಂದು ಅವರ ಓಣಿಯವರನ್ನೆಲ್ಲ ಸಾಲಾಗಿ ನಿಲ್ಲಿಸಿ ತಲೆ, ಮೂಗು, ತುಟಿ ಅಳೆದುಕೊಂಡು ಹೋಗಿದ್ದರು. ಅವ್ವನ ಕೂದಲನ್ನು ಕತ್ತರಿಸಿ ಕಾಗದದಲ್ಲಿ ಕಟ್ಟಿಕೊಂಡಿದ್ದರು. ಸಂತೆಯಲ್ಲಿ, ಬಸ್ಸಿನಲ್ಲಿ, ದವಾಖಾನೆಯಲ್ಲಿ ಜನ ಮೊದಲು ಕೂದಲು ನೋಡಿ, ಆಮೇಲೆ ಮಾತು ಕೇಳುತ್ತಿದ್ದರು. ಇನ್ನು ಮೇಲೆ ಅಚ್ಚಾದ ಪುಸ್ತಕದಲ್ಲೇ ಬರುತ್ತದೆ, ಸಿದ್ದಿಗಳ ರಕ್ತ ಕೆಟ್ಟದ್ದು ಎಂದು. ಅದನ್ನು ಓದಿದವರು ಅವರ ಹುಡುಗಿಯರ ಮುಖ ನೋಡಿದಾಗ ಏನು ನೆನೆದಾರು? ಅದಕ್ಕೆ ಬೇಕಾದ ರಕ್ತವನ್ನು ಒಪ್ಪಿಸಿ ಕೊಡಿಸುವವಳು ತಾನೇ.

ಆ ರಾತ್ರಿ ಸಕ್ಕುಬಾಯಿಯ ಮನೆಯಲ್ಲೇ ಉಳಿದಳು. ಬೆಳಿಗ್ಗೆ ಎದ್ದು ಹಿತ್ತಲಿಗೆ ಹೋಗಿ, ಸೊಂಟದ ಚೀಲದಿಂದ ಡಬ್ಬಿ ತೆಗೆದು, ಕರಿ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ಹಲ್ಲು ತಿಕ್ಕಲು ಕುಕ್ಕರುಗಾಲಲ್ಲಿ ಕೂತಳು. ಸಕ್ಕುಬಾಯಿಯೂ ಬಂದು ಎದುರಿಗೆ ಕೂತು ತನ್ನ ಮಿಶ್ರಿಯ ಡಬ್ಬಿ ತೆರೆದಳು. ಇಬ್ಬರಿಗೂ ಮಾತಾಡುವ ಹಾಗಿರಲಿಲ್ಲ. ಪುಡಿ ಒಸಡಿಗೆ ಹಿಡಿಯುವ ತನಕ ಬೆರಳನ್ನು ತುಟಿಯೊಳಗೆ ಇಟ್ಟುಕೊಂಡೇ ಇರಬೇಕು. ಆ ಹದವಾದ ಅಮಲು ತಲೆಗೇರಿದ ಮೇಲೆಯೇ ಹೆಂಗಸರಿಗೆ ಬೆಳಗಾಗುವುದು.

ಸಕ್ಕುಬಾಯಿ ತಿಕ್ಕುತ್ತಿದ್ದದ್ದು ಎಡಗೈಯಿಂದ.

ಮಾರ್ಥಾ ನೋಡುತ್ತಲೇ ಕೂತಳು. ಸಕ್ಕುಬಾಯಿ ಎಡಚಿ ಎಂಬುದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತು. ಆದರೆ ಆ ಬೆರಳು ಹೋಗಿ ನಿಲ್ಲುತ್ತಿದ್ದ ಜಾಗವನ್ನು ಅವಳು ನಿನ್ನೆ ತಾನೇ ಬ್ಯಾಟರಿ ಹಿಡಿದು ನೋಡಿದ್ದಳು. ಉಳಿದವರ ಬಾಯಿಗಳೂ ಒಂದೊಂದಾಗಿ ಕಣ್ಣಿಗೆ ಬಂದವು. ಫಾರ್ಮಿನಲ್ಲಿ ಏನು ಬರೆದಿದೆಯೋ ಅವಳಿಗೆ ಬೇಡ, ಪ್ರತಿಯೊಂದು ಬಾಯಿಗೂ ಬೆಳಕು ಹಿಡಿದವಳು ಅವಳು. ಗಂಗೂನ ಮಚ್ಚೆ ಬಲಗಡೆ. ಮಾರ್ಗರೀಟಾಳದು ಬಲಗಡೆ. ಮುಂಡಗೋಡದ ಕಡೆ ನೋಡಿದ ಅಜ್ಜಿಯದೂ ಬಲಗಡೆಯೇ. ಎಡಗಡೆ ಇದ್ದದ್ದು ಒಬ್ಬಳದೇ.

ಮಾರ್ಥಾ ತನ್ನ ಬೆರಳನ್ನು ಹೊರಗೆ ತೆಗೆದು ನೋಡಿಕೊಂಡಳು. ಉಗುರಿನ ತನಕ ಕಪ್ಪಾಗಿತ್ತು.

ಬಾಯಿ ತೊಳೆಯದೆಯೇ ಓಡಿದಳು. "ಏ ಮಾರ್ಥಾ, ಚಾ ಆತಲ್ಲ!" ಎಂದು ಸಕ್ಕುಬಾಯಿ ಹಿಂದೆ ಕೂಗುತ್ತಿದ್ದಳು.

ಡಾಕ್ಟರಬಾಯಿ ಶಾಲೆಯ ಬಾವಿಯ ಹತ್ತಿರ ಬ್ರಷ್ ಹಿಡಿದು ನಿಂತಿದ್ದಳು. ಬಾಯಿ ತುಂಬ ನೊರೆ.

"ಬಾಯಾರ, ನೀವು ಪೇಸ್ಟ್ ತಿಂತೀರೇನ್ರಿ?"

ಡಾಕ್ಟರಬಾಯಿ ಗಾಬರಿಯಾಗಿ ನೊರೆ ಉಗುಳಿದಳು. "ಏನಾಯ್ತು ಮಾರ್ಥಮ್ಮ? ಪೇಸ್ಟ್ ಯಾರಾದ್ರೂ ತಿಂತಾರಾ?"

"ತಿನ್ನಂಗಿಲ್ಲಲ್ರಿ? ನಾವೂ ತಿನ್ನಂಗಿಲ್ಲ. ತಿಕ್ಕೋತೀವಿ." ಕಪ್ಪು ಬೆರಳನ್ನು ಅವಳ ಮುಂದೆ ಹಿಡಿದಳು. "ಇದು ಮಿಶ್ರಿ. ನಮ್ಮ ಕಡೆ ಹೆಂಗಸರ ಹಲ್ಲಪುಡಿ. ದಿನಾ ನಾಲ್ಕ ಸಲ ತಿಕ್ಕೋತೀವಿ, ಐದ ಸಲ ತಿಕ್ಕೋತೀವಿ."

"ಮಿಶ್ರಿ ಅಂದ್ರೆ ಕಲ್ಲುಸಕ್ಕರೆ ಅಲ್ವಾ?"

"ಅದು ಬ್ಯಾರೆ ರೀ. ಇದನ್ನ ಹಂಚಿನ ಮ್ಯಾಗ ಕರ್ರಗ ಆಗೂತನಾ ಹುರದು ಪುಡಿ ಮಾಡೂದು."

"ಏನನ್ನ ಹುರಿಯೋದು?"

ಇಷ್ಟು ವರ್ಷ ತನ್ನ ಕೈಯಿಂದಲೇ ಹುರಿದದ್ದರ ಹೆಸರನ್ನು ಮಾರ್ಥಾ ಹೀಗೆ ಬಿಡಿಸಿ ಹೇಳಿರಲೇ ಇಲ್ಲ.

"ತಂಬಾಕ ರೀ."

ಜೀಪಿನ ಗಾಜು ಒರೆಸುತ್ತಿದ್ದ ಶಂಕ್ರಪ್ಪ ಅರಿವೆ ಹಿಡಿದೇ ಹತ್ತಿರ ಬಂದ. "ಮಿಶ್ರಿ ತಂಬಾಕ ಅಲ್ಲಬಿಡ್ರಿ ಬಾಯಾರ. ನಮ್ಮಾಕೀನೂ ತಿಕ್ಕೋತಾಳ. ಆಕಿಗೆ ತಂಬಾಕಿನ ವಾಸನಿ ಕಂಡರ ಆಗಂಗಿಲ್ಲ!"

"ನಿಮ್ಮಾಕಿ ಸಿದ್ದಿ ಏನಪಾ?" ಎಂದು ಮಾರ್ಥಾ ತಿರುಗಿದಳು. "ಆಕಿ ರಕ್ತಾನೂ ಕೆಟ್ಟೈತೇನು?"

ಬಾವಿಯ ಕಟ್ಟೆಯ ಮೇಲೆ ಕೂತುಬಿಟ್ಟ ಡಾಕ್ಟರಬಾಯಿಗೆ ಮಾರ್ಥಾ ಎಡಗೈ, ಬಲಗೈಯ ವಿಷಯ ಹೇಳಿದಳು. ಕಾಲನಿಯ ಹೆಂಗಸರು ಅಂಗಡಿಯ ಬಿಳಿ ಹಲ್ಲುಪುಡಿ ತರಿಸಿಕೊಳ್ಳುವುದನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಅವಳ ದನಿ ಬೇರೆಯಾಯಿತು.

"ನಮ್ಮವ್ವ ಬಾಯಾಗ ಹುಣ್ಣಾಗಿ ಹೋದ್ಳು. ಮೂರ ತಿಂಗಳ ಗಂಜೀನೂ ಇಳೀಲಿಲ್ಲ. ಹಲ್ಲಿನ ಬ್ಯಾನಿ ಕಡಿಮಿ ಆಗ್ತೈತಿ ಅಂತ ಮಿಶ್ರಿ ಬೇಡತಿದ್ಳು. ನಾನ ಹುರದ ಕೊಡತಿದ್ದೆ ರೀ, ಬಾಯಾರ. ಕಡೀ ದಿನಾನೂ ಕೊಟ್ಟೇನಿ."

ಡಾಕ್ಟರಬಾಯಿ ಎದ್ದು ಬಂದು ಮಾರ್ಥಾಳ ಕಪ್ಪು ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. "ಇವತ್ತು ಹನ್ನೊಂದನೇ ಪ್ರಶ್ನೆ ನೀವು ಕೇಳಿ" ಎಂದಳು.

ಅಂದು ಕಟ್ಟೆಯ ಮೇಲೆ ನಿನ್ನೆಯ ಹೆಂಗಸರನ್ನೇ ಮತ್ತೆ ಕೂಡಿಸಿದರು. ಮಾರ್ಥಾ ಫಾರ್ಮು ಹಿಡಿಯಲಿಲ್ಲ, ಎದ್ದು ನಿಲ್ಲಲೂ ಇಲ್ಲ. ಅವರ ನಡುವೆ ಕೂತು ತಮ್ಮ ಕೊಂಕಣಿಯಲ್ಲೇ ಕೇಳಿದಳು: ಮುಂಜಾನೆ ಹಲ್ಲಿಗೆ ಏನು ಹಚ್ಚುತ್ತೀರಿ? ಯಾರ ಮಿಶ್ರಿ ಒಳ್ಳೆಯದು? ಎಷ್ಟು ವರ್ಷದವಳಿದ್ದಾಗ ಹಿಡಿದೆ? ಕಟ್ಟೆ ಸಂತೆಯಾಯಿತು. ಒಬ್ಬಳ ಪುಡಿ ಉರಿ ಹೆಚ್ಚಾಗಿ ಸುಟ್ಟಿರುತ್ತದೆಂದು ಇನ್ನೊಬ್ಬಳು ಹಂಗಿಸಿದಳು. ಸೊಂಟದ ಚೀಲಗಳಿಂದ ಡಬ್ಬಿಗಳು ಹೊರಬಂದವು. ನಿನ್ನೆ 'ಇಲ್ಲ' ಎಂದಿದ್ದ ಇಪ್ಪತ್ತಾರು ಹೆಂಗಸರಲ್ಲಿ ಇಪ್ಪತ್ತೆರಡು ಡಬ್ಬಿ.

ಆಮೇಲೆ ಮಾರ್ಥಾ ಕನ್ನಡಿ ತರಿಸಿ, ಸಕ್ಕುಬಾಯಿಯ ಮಚ್ಚೆಯನ್ನು ಅವಳಿಗೇ ತೋರಿಸಿ, ಅವಳ ಎಡಗೈಯ ಬೆರಳನ್ನು ಹಿಡಿದು ಆ ಜಾಗಕ್ಕೆ ಮುಟ್ಟಿಸಿದಳು.

"ಹಾಂಗಾದ್ರ ನಾ ಸಾಯ್ತೇನೇನ?" ಎಂದಳು ಸಕ್ಕುಬಾಯಿ.

"ಇದು ಇನ್ನೂ ಹುಣ್ಣಾಗಿಲ್ಲ ಅಮ್ಮ" ಎಂದಳು ಡಾಕ್ಟರಬಾಯಿ. "ಕೆರೆದು ನೋಡಿದ್ದರಲ್ಲೂ ಕೆಟ್ಟದ್ದೇನೂ ಕಾಣಲಿಲ್ಲ. ಇವತ್ತೇ ಬಿಟ್ಟುಬಿಡಿ. ತಿಂಗಳಿಗೊಮ್ಮೆ ನಾನು ನೋಡ್ತೀನಿ."

ಸಕ್ಕುಬಾಯಿ ಡಬ್ಬಿಯನ್ನು ಕೈಯಲ್ಲಿ ತಿರುಗಿಸಿದಳು. "ಬಿಡು ಅನ್ನಾಕ ಸಸಾರ ಐತಿ" ಎಂದಳು. ಆದರೆ ಡಬ್ಬಿಯನ್ನು ಮಾರ್ಥಾಳ ಉಡಿಗೆ ಹಾಕಿದಳು.

ಶನಿವಾರ ವರದಿ ಹೋಗಲಿಲ್ಲ. ಜೀಪು ಮತ್ತೆ ಮೊದಲಿನಿಂದ ಹೊರಟಿತು. ಹಳಿಯಾಳದ ಹಳ್ಳಿಗಳು, ಜೋಯಿಡಾ, ಮುಂಡಗೋಡ, ಕಾಲನಿಯ ಓಣಿಗಳು. ಶಂಕ್ರಪ್ಪ ಗೊಣಗುತ್ತ ಗೊಣಗುತ್ತ, ಒಂದು ಸೋಮವಾರ ಊರಿಗೆ ಹೋಗಿ ಹೆಂಡತಿಯ ಬಾಯಿ ನೋಡಿಬಂದ. ಅಂದಿನಿಂದ ಗೊಣಗುವುದನ್ನು ಬಿಟ್ಟ. ಮಾರ್ಥಾ ತಾನೂ ಮಿಶ್ರಿ ಬಿಟ್ಟಳು. ಹತ್ತು ದಿನ ತಲೆನೋವಿನಿಂದ ಬಸ್ತ್ಯಾಂವನ ಮೇಲೆ ಹರಿಹಾಯ್ದಳು, ಹನ್ನೊಂದನೆಯ ದಿನ ಇದ್ದಿಲು ಉಪ್ಪಿನಲ್ಲಿ ಹಲ್ಲು ತಿಕ್ಕಿ, ಅದಕ್ಕೆ ರುಚಿಯೇ ಇಲ್ಲವೆಂದು ಉಗಿದಳು.

ಮಳೆಗಾಲ ಹಿಡಿಯುವ ಮುಂಚೆ ಲೆಕ್ಕ ಮುಗಿಯಿತು. ಮುನ್ನೂರ ಹನ್ನೆರಡರಲ್ಲಿ ಇನ್ನೂರ ಅರವತ್ತೆಂಟು ಹೆಂಗಸರು ಮಿಶ್ರಿ ಹಚ್ಚುವವರು. ಮಚ್ಚೆ ಇದ್ದವರು ಒಬ್ಬರೂ ಬಿಡದೆ ಅವರಲ್ಲೇ ಬಂದರು. ಕಾಲನಿಯಲ್ಲಿ ಮಚ್ಚೆ ಕಂಡಿದ್ದ ಮೂವರೂ ಮಿಶ್ರಿಯವರೇ. ಅವರು ಸಿದ್ದಿಗಳಲ್ಲ, ಬೆಳಗಾವಿ ಕಡೆಯಿಂದ ಮದುವೆಯಾಗಿ ಬಂದವರು.

ಹಳಿಯಾಳದ ದವಾಖಾನೆಯ ಕೋಣೆಯಲ್ಲಿ ಡಾಕ್ಟರಬಾಯಿ ವರದಿ ಬರೆಯಲು ಕೂತಳು. ಇಂಗ್ಲಿಷಿನಲ್ಲಿ ಬರೆದದ್ದನ್ನು ಪುಟಪುಟವಾಗಿ ಕನ್ನಡದಲ್ಲಿ ಓದಿ ಹೇಳುತ್ತಿದ್ದಳು. ಮಾರ್ಥಾ ಗಾಜಿನ ಪಟ್ಟಿಗಳನ್ನು ಒರೆಸಿ ಪೆಟ್ಟಿಗೆಯಲ್ಲಿ ಜೋಡಿಸುತ್ತ ಕೇಳುತ್ತಿದ್ದಳು. ರಕ್ತದ ಮಾತು ಎಲ್ಲಿಯೂ ಬರಲಿಲ್ಲ.

"ಮೊದಲ ಸಲ ಕೇಳಿದಾಗ ಈ ಹೆಂಗಸರು ತಂಬಾಕಿನ ಬಗ್ಗೆ ತಪ್ಪು ಮಾಹಿತಿ ಕೊಟ್ಟಿದ್ದರು" ಎಂದು ಓದಿದಳು ಡಾಕ್ಟರಬಾಯಿ.

ಮಾರ್ಥಾಳ ಕೈ ನಿಂತಿತು.

"ಅದನ್ನ ಹೊಡದ ಹಾಕ್ರಿ, ಬಾಯಾರ."

"ಯಾವುದನ್ನ?"

"ತಪ್ಪ ಮಾಹಿತಿ ಅಂದ್ರಲ್ಲ, ಅದನ್ನ. ಯಾರೂ ತಪ್ಪ ಹೇಳಿಲ್ಲ. ತಿಂತೀರೇನು ಅಂತ ಕೇಳಿದ್ರಿ, ಇಲ್ಲ ಅಂದ್ವಿ. ಖರೇನ ಹೇಳೇವಿ. ಕೇಳಿದ್ದ ತಪ್ಪು ರೀ. ಹೇಳಿದ್ದಲ್ಲ."

ಶಂಕ್ರಪ್ಪ ತಲೆ ಎತ್ತಿ ಇಬ್ಬರನ್ನೂ ನೋಡಿದ. ಡಾಕ್ಟರಬಾಯಿಯ ಮುಖ ಕೆಂಪಾಯಿತು. ಆಮೇಲೆ ಅವಳು ಆ ಸಾಲಿನ ಮೇಲೆ ಗೀಟು ಎಳೆದು, ಮೇಲುಗಡೆ ಸಣ್ಣಕ್ಷರದಲ್ಲಿ ಬೇರೆ ಬರೆದು ಓದಿದಳು.

"ನಾವು ಕೇಳಿದ ಹನ್ನೊಂದನೆಯ ಪ್ರಶ್ನೆ ತಪ್ಪಾಗಿತ್ತು. ಆಯ್ತಾ?"

"ಈಗ ಬರೋಬ್ಬರಿ ಆತ್ರಿ."

"ಅದನ್ನ ತಿದ್ದಿದವರು ಯಾರು ಅಂತಲೂ ಬರೀಬೇಕಲ್ಲ. ನಿಮ್ಮ ಪೂರ್ತಿ ಹೆಸರು ಹೇಳಿ."

ಮಾರ್ಥಾ ಕೈಯಲ್ಲಿದ್ದ ಗಾಜಿನ ಪಟ್ಟಿಯನ್ನು ಕೆಳಗಿಟ್ಟಳು. ಸೆರಗು ಸರಿಮಾಡಿಕೊಂಡು ಮೇಜಿನ ಹತ್ತಿರ ಬಂದು ನಿಂತಳು.

"ಮಾರ್ಥಾ ಬಸ್ತ್ಯಾಂವ ಸಿದ್ದಿ" ಎಂದಳು. ಪೆನ್ನು ಎರಡನೆಯ ಹೆಸರಿನ ಕೊನೆಗೆ ಬರುತ್ತಿದ್ದಂತೆ ಬಾಗಿ ನೋಡಿ, "ಸಿದ್ದಿ ಅನ್ನೂದ ಬಿಡಬ್ಯಾಡ್ರಿ ಮತ್ತ" ಎಂದಳು.