ಎಷ್ಟು ಭಾರ

ಈ ಕುರ್ಚಿಗೆ ಒಂದು ಕಾಲು ಗಿಡ್ಡ, ಅಲುಗಿದರೆ ಟಕ್ ಅನ್ನುತ್ತದೆ, ಅಂಗವಿಕಲರ ವಿಮೆ ಕಚೇರಿ ಅಂತ ಇದೂ ಒಂದು ಅರ್ಜಿ ಹಾಕಿಕೊಂಡು ಬಂದು ನಿಂತಿದೆಯೋ ಏನೋ — ನಗಬಾರದು, ನಗುತ್ತಾ ಕೂತವಳಿಗೆ ಯಾರು ಭತ್ಯೆ ಕೊಡುತ್ತಾರೆ, ಸೊಸೆ ಬಸ್ಸಿನಲ್ಲೇ ಹೇಳಿದ್ದಾಳೆ, ಅತ್ತೆ, ಈ ಸಲ ಮುಖ ಸಪ್ಪಗಿಟ್ಕೊಳ್ಳಿ, ಇರೋದಕ್ಕೆ ಸ್ವಲ್ಪ ಉಪ್ಪುಖಾರ ಹಚ್ಚಿ ಹೇಳಿದ್ರೂ ತಪ್ಪಿಲ್ಲ. ಹೋದ ಸಲ ಒಬ್ಬಳೇ ಬಂದು ಕೆಡಿಸಿಕೊಂಡೆ, ಡಾಕ್ಟರು ಹೇಗಿದ್ದೀರಮ್ಮ ಅಂದರು, ಚೆನ್ನಾಗಿದ್ದೀನಿ ಸಾರ್, ನೀವು ಚೆನ್ನಾಗಿದ್ದೀರಾ ಅಂದುಬಿಟ್ಟೆ, ಮತ್ತೇನನ್ನಬೇಕು, ಹೇಗಿದ್ದೀರಿ ಅಂದರೆ ಸಾಯ್ತಾ ಇದ್ದೀನಿ ಅನ್ನುವವರು ಯಾರಿದ್ದಾರೆ, ಅದನ್ನೇ ಬರೆದುಕೊಂಡರು, ಅರ್ಜಿ ತಿರಸ್ಕೃತ, ಅರ್ಜಿದಾರರು ಚೆನ್ನಾಗಿರುವುದಾಗಿ ತಾವೇ ತಿಳಿಸಿರುತ್ತಾರೆ. ಮಗ ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ, ಆಮೇಲೆ ನಗಲಿಲ್ಲ. ಈ ಸಲ ಮನೆಯವರೊಬ್ಬರು ಜೊತೆಗಿರಲೇಬೇಕಂತೆ, ಮಗನಿಗೆ ರಜೆ ಇಲ್ಲ, ಅದಕ್ಕೇ ಸೊಸೆ, ಅವಳ ಹೆಗಲ ಮೇಲೆ ನಿದ್ದೆಹೋದ ಮಗು. ಬೇರೆ ಯಾರಾದರೂ ಬಂದಿದ್ದರೆ ಆಗುತ್ತಿತ್ತು, ಇವಳೆದುರಿಗೆ ಮಾತ್ರ ಬೇಡವಾಗಿತ್ತು.

ಮುಷ್ಟಿ ಹಿಡೀರಿ ಅನ್ನುತ್ತಿದ್ದಾರೆ ಡಾಕ್ಟರು, ಹಿಡಿಯುತ್ತೇನೆ, ಬೆರಳುಗಳು ಅರ್ಧಕ್ಕೆ ಬಂದು ನಿಂತವು, ಗಿಣ್ಣುಗಳು ಊದಿ ಮಿರಮಿರ ಅನ್ನುತ್ತಿವೆ, ಇವು ನನ್ನ ಕೈಗಳೇ, ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಅರ್ಧ ಆಯಸ್ಸು ಮಂಚದ ಹಾಸುಗಳನ್ನು ಮಡಿಚಿದ ಕೈಗಳೇ, ಎದುರು ತುದಿಯಲ್ಲಿ ಬಾಯಿಬಡಕಿ, ನಾವು ಅವಳನ್ನು ಕರೆಯುತ್ತಿದ್ದದ್ದೇ ಹಾಗೆ, ಎಳಿ, ಒದರು, ಹತ್ರ ಬಾ, ಮೂಲೆಗೆ ಮೂಲೆ ಕೊಡು, ಇಡೀ ದಿನ ಅವಳ ಹತ್ತಿರ ಹೋಗುವುದು, ದೂರ ಬರುವುದು — ಒಂದು ದಿನ ಮೂಲೆ ನನ್ನ ಕೈಯಿಂದ ಜಾರಿತು, ನಿದ್ದೆ ಮಾಡ್ತಿದ್ದೀಯೇನೇ ಅಂದಳು, ಮತ್ತೆ ಜಾರಿತು, ಈ ಸಲ ಏನೂ ಅನ್ನಲಿಲ್ಲ, ಬಾಯಿಬಡಕಿಯೇ ಸುಮ್ಮನಾದಳಲ್ಲ ಅಂತ ನನಗೆ ಹೆದರಿಕೆಯಾಯಿತು. ವಿಮೆಯ ವಿಚಾರ ತೆಗೆದವಳೂ ಅವಳೇ, ನಿನ್ನ ಸಂಬಳದಲ್ಲೇ ಹಿಡ್ಕೊಂಡಿದ್ದಲ್ವೇನೇ, ಕೇಳಿದ್ರೆ ನಿನ್ನ ಗಂಟೇನು ಹೋಗುತ್ತೆ. ಮನೆಯಲ್ಲಿ ಮಾತ್ರ ಬೆಳಿಗ್ಗೆ ಹೊತ್ತು ಸ್ವಲ್ಪ ಬಿಗಿ, ಬಿಸಿನೀರಿನಲ್ಲಿಟ್ಟರೆ ಸರಿಹೋಗುತ್ತೆ ಅಂದೆ, ಸೊಸೆ ಆಗಲೇ ತುಂಬು ಬಸುರಿ, ಮಗುವಿನ ಜೊತೆ ನನ್ನನ್ನೂ ಸಾಕಬೇಕಮ್ಮ ನೀನು ಅಂತ ಅವಳಿಗೆ ಯಾವ ಬಾಯಲ್ಲಿ ಹೇಳಲಿ.

ಹೊರಗೆ ಯಾರೋ ಬಾಗಿಲು ದಡಾರನೆ ಹಾಕಿದರು, ಮಗು ಮಿಸುಕಿತು, ಸೊಸೆ ಬೆನ್ನು ತಟ್ಟುತ್ತಿದ್ದಾಳೆ, ಶ್ ಶ್, ಎಷ್ಟು ಸಲೀಸು ಆ ಕೈಗಳಿಗೆ — ಹೆರಿಗೆಯ ದಿನ ಮಂಚದ ಮೇಲೆ ಎದ್ದು ಕೂತು, ಬೆವರಿದ ಕೂದಲು ಹಣೆಗಂಟಿ, ಎರಡೂ ಕೈ ಚಾಚಿದಳು, ಬಟ್ಟೆಯೊಳಗೆ ಕೆಂಪಗೆ ಒಂದು ಮುಖ, ತಗೊಳ್ಳಿ ಅತ್ತೆ, ನಿಮ್ಮ ಮೊಮ್ಮಗಳು, ನಾನು ಕೈಗಳನ್ನು ಶಾಲಿನೊಳಗೆ ಸೇರಿಸಿಕೊಂಡೆ, ನೆಗಡಿಯಾಗಿದೆ, ಮಗೂಗೆ ಅಂಟೀತು ಅಂದೆ, ಜಾರಿದರೆ, ಜಾರಿಬಿಟ್ಟರೆ, ಅವಳ ಕೈ ಚಾಚಿದ ಹಾಗೇ ಇತ್ತು, ಆಮೇಲೆ ಮೆಲ್ಲಗೆ ಹಿಂದಕ್ಕೆ ಹೋಯಿತು. ನೆಗಡಿ ಎಷ್ಟು ದಿನ ಇದ್ದೀತು, ಆಮೇಲೆ ಸೊಂಟ ನೋವು, ಆಮೇಲೆ ಕೈ ಒದ್ದೆ, ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು, ಅಡುಗೆಮನೆಯಿಂದ ಅವಳಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದಳು, ಹೆಣ್ಣು ಅಂತಾನೋ ಏನೋ ಅಮ್ಮ, ಒಂದು ಸಲಾನೂ ಮುಟ್ಟಲ್ಲ. ಗೋಡೆಯ ಈಚೆ ನಿಂತಿದ್ದೆ, ಅಯ್ಯೋ ಅಲ್ಲ ಕಣೇ ಅನ್ನಬೇಕಿತ್ತು, ಅನ್ನಲಿಲ್ಲ. ಅವಳು ಸ್ನಾನಕ್ಕೆ ಹೋದಾಗ ತೊಟ್ಟಿಲಿಗೆ ಬಗ್ಗಿ ಮೂಗಿನಿಂದ ಅದರ ಕೆನ್ನೆ ಮುಟ್ಟುತ್ತೇನೆ, ಹಾಲಿನ ವಾಸನೆ, ಕೈಗಳಿಲ್ಲದೆ ಮಾಡಬಹುದಾದ ಮುದ್ದು ಅದೊಂದೇ.

ಗುಂಡಿ ಹಾಕ್ಕೊಳ್ತೀರಾ, ಆಗಲ್ಲ ಸಾರ್, ಬೀಗ ತೆಗೀತೀರಾ, ಆಗಲ್ಲ, ಸೊಸೆ ಭೇಷ್ ಅನ್ನುವ ಹಾಗೆ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದಾಳೆ, ಉಪ್ಪುಖಾರ ಸರಿಯಾಗಿ ಬೀಳುತ್ತಿದೆ ಅಂದುಕೊಂಡಿದ್ದಾಳೆ ಪಾಪ, ಭಾರ ಎತ್ತೋಕೆ, ಆಗಲ್ಲ, ಎಷ್ಟು ಭಾರ ಅಂತ ಹೇಳ್ಬೇಕಮ್ಮ, ಬಕೆಟ್ಟೋ, ಚೀಲಾನೋ, ಏನಾದ್ರೂ ಒಂದು ಬರೀಬೇಕಲ್ಲ. ಬಕೆಟ್ಟು ಅಂದರೆ ಮುಗಿಯಿತು, ಬಕೆಟ್ಟು ಸಾಕೋ ಇಲ್ಲವೋ, ಈ ಸಲವೂ ಇಲ್ಲ ಅಂದರೆ ಮುಂದೆ ಮಗ ಸೊಸೆಯ ಕೈ ನೋಡಿಕೊಂಡೇ ಬದುಕಬೇಕು, ಬಕೆಟ್ಟು ಅನ್ನಲು ಬಾಯಿ ತೆರೆದೆ, ಮಗು ಅಂದೆ. ಯಾವ ಮಗು. ಈ ಮಗು ಸಾರ್, ನಮ್ಮ ಮಗು, ಹುಟ್ಟಿದಾಗಿಂದ ಒಂದು ಸಲಾನೂ ಎತ್ಕೊಂಡಿಲ್ಲ, ಬೀಳಿಸಿಬಿಡ್ತೀನಿ ಅಂತ, ಆಸೆ ಇಲ್ದೆ ಅಲ್ಲ ಸಾರ್ — ಪೆನ್ನು ಓಡುತ್ತಿದೆ, ಅವರಿಗೆ ಬೇಕಾದದ್ದು ಸಿಕ್ಕಿತು, ಭತ್ಯೆ ಬರುತ್ತದೇನೋ, ಬರಲಿ, ತಟ್ಟುತ್ತಿದ್ದ ಕೈ ಮಗುವಿನ ಬೆನ್ನ ಮೇಲೆ ನಿಂತುಬಿಟ್ಟಿದೆ, ಅತ್ತೆ ಅಂದಳು, ಅವಳ ಮುಖ ನೋಡಲಾರೆ, ಕೈಯಷ್ಟೇ ಕಾಣುತ್ತಿದೆ, ಆ ಕೈ, ಆ ಮಂಚ, ಬಟ್ಟೆಯೊಳಗಿನ ಆ ಕೆಂಪು ಮುಖ, ತಗೊಳ್ಳಿ ಅತ್ತೆ, ಚಾಚಿದ ಎರಡು ಕೈ, ತಗೊಳ್ಳಿ, ಚಾಚಿದ ಹಾಗೇ ಎರಡು ಕೈ