ಝಿವ್ಕಾಳ ಬಲಗೈ

ಮಗ ಲ್ಯೂಬೆನ್ ಸತ್ತ ನಲವತ್ತನೆಯ ದಿನದ ಪ್ರಾರ್ಥನೆ ಮುಗಿದ ಮಾರನೆಯ ಬೆಳಿಗ್ಗೆಯೇ ಝಿವ್ಕಾ ಕೆಲಸಕ್ಕೆ ಬಂದಳು. ನಾವಿಬ್ಬರೂ ಹತ್ತೊಂಬತ್ತು ವರ್ಷಗಳಿಂದ ಒಂದೇ ಬಾನಿತ್ಸಾ ಅಂಗಡಿಯಲ್ಲಿದ್ದೇವೆ. ಅವಳು ಒಳಗೆ ಹಿಟ್ಟನ್ನು ಕಾಗದದಷ್ಟು ತೆಳ್ಳಗೆ ಎಳೆದು, ಚೀಸ್ ತುಂಬಿ, ಸುರುಳಿ ಸುತ್ತಿ ಒಲೆಗಿಡುತ್ತಾಳೆ. ನಾನು ಮುಂದೆ ನಿಂತು ಮಾರುತ್ತೇನೆ. ಅಂದು ಹಿಟ್ಟಿಗೆ ಕೈಹಾಕಿದ್ದೇ ತಡ, ಅವಳ ಬಲಗೈ ಮುಷ್ಟಿ ಕಟ್ಟಿತು. ಎಷ್ಟು ಬಿಡಿಸಿದರೂ ಬಿಚ್ಚಲಿಲ್ಲ.

"ಏನಾಯ್ತೇ?" ಅಂದೆ.

"ಗೊತ್ತಿಲ್ಲ ಕಣೇ ಸ್ತಾನ್ಕಾ. ನನ್ನ ಕೈಯೇ ನನ್ನ ಮಾತು ಕೇಳ್ತಿಲ್ಲ."

ಡಾಕ್ಟರು ನರಗಳನ್ನೆಲ್ಲ ಪರೀಕ್ಷಿಸಿ, ಏನೂ ಇಲ್ಲ, ದುಃಖ ಅಷ್ಟೇ ಎಂದು ನಿದ್ದೆಯ ಮಾತ್ರೆ ಬರೆದುಕೊಟ್ಟರು. "ಒಂದ್ಸಲ ಅತ್ತುಬಿಡು, ಸರಿಹೋಗತ್ತೆ" ಎಂದು ಅವಳ ಗಂಡ ಸ್ಪಾಸ್ ಹೇಳಿದ. ಅವಳಿಗೆ ಅಳು ಬರಲಿಲ್ಲ.

ಲ್ಯೂಬೆನ್ ಸತ್ತದ್ದು ಅಪ್ಪನ ಲಾರಿಯಲ್ಲಿ. ಬೆಟ್ಟದಿಂದ ಮರದ ದಿಮ್ಮಿ ಇಳಿಸುವಾಗ ತಿರುವಿನಲ್ಲಿ ಲಾರಿ ಕಣಿವೆಗೆ ಬಿತ್ತು. ಇಪ್ಪತ್ಮೂರು ವರ್ಷದ ಬಿಸಿರಕ್ತ, ಜೋರಾಗಿ ಓಡಿಸಿದ ಎಂದು ಸ್ಪಾಸ್ ಪೊಲೀಸರಿಗೆ ಹೇಳಿದ. ಊರೂ ಅದನ್ನೇ ಹೇಳಿತು.

ವಸಂತದಲ್ಲಿ ನಾನು ಅವಳನ್ನು ಕೇರಾ ಎಂಬ ಅಜ್ಜಿಯ ಹತ್ತಿರ ಕರೆದುಕೊಂಡು ಹೋದೆ. ಬಿಸಿನೀರಿನ ಬುಗ್ಗೆಯ ಸ್ನಾನದ ಮನೆಯಲ್ಲಿ ನಲವತ್ತು ವರ್ಷ ಹೆಂಗಸರ ಮೈ ನೀವಿದ ಮುದುಕಿ. ಮುಷ್ಟಿಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಎಣ್ಣೆ ಹಚ್ಚಿ, ಕಣ್ಣು ಮುಚ್ಚಿ ಬಹಳ ಹೊತ್ತು ತಡವಿದಳು.

"ಇದು ಅಳೋ ಕೈ ಅಲ್ಲ ಮಗಳೇ. ಹೊಡೆಯೋಕೆ ಎತ್ತಿ ತಡೆದಿರೋ ಕೈ."

"ಯಾರಿಗೆ ಹೊಡೀಲಿ ಅಜ್ಜಿ? ದೇವರಿಗಾ?"

"ನಂಗೇನು ಗೊತ್ತು! ನಾನೇನು ಕಣಿ ಹೇಳೋಳಾ? ಕೈಗೆ ಗೊತ್ತಿದೆ. ಯಾವಾಗ ಬಿಗಿಯತ್ತೆ, ಯಾವಾಗ ಸಡಿಲ ಆಗತ್ತೆ, ಸುಮ್ನೆ ನೋಡ್ತಾ ಇರು. ತಲೆ ಓಡಿಸ್ಬೇಡ. ತಲೆ ಎಲ್ಲಾದಕ್ಕೂ ಸಮಾಧಾನ ಹೇಳತ್ತೆ."

ಝಿವ್ಕಾ ನೋಡತೊಡಗಿದಳು. ಹಿಟ್ಟನ್ನು ಈಗ ನಾನೇ ಎಳೆದುಕೊಡುತ್ತಿದ್ದೆ; ಅವಳು ಎಡಗೈಯಲ್ಲಿ ಚೀಸ್ ತುಂಬುತ್ತಾ ದಿನಾ ಬೆಳಿಗ್ಗೆ ನನಗೆ ವರದಿ ಒಪ್ಪಿಸುತ್ತಿದ್ದಳು. ಸಮಾಧಿಯ ಮುಂದೆ ಮೇಣದಬತ್ತಿ ಹಚ್ಚುವಾಗ ಬೆರಳು ಸಡಿಲವಾಗುತ್ತವಂತೆ. ಮಗನ ಅಂಗಿಗಳನ್ನು ಮಡಿಸುವಾಗಲೂ. ಸಂಜೆ ಗೇಟಿನ ಚಿಲಕ ಸದ್ದಾಗಿ, ಸ್ಪಾಸ್ ಮೆಟ್ಟಿಲ ಮೇಲೆ ಬೂಟು ಕೊಡವಿದ ಕೂಡಲೇ ಉಗುರು ಅಂಗೈಗೆ ಇಳಿಯುತ್ತವಂತೆ. ಉಸಿರು ಕತ್ತಿನಿಂದ ಕೆಳಗೆ ಇಳಿಯುವುದಿಲ್ಲವಂತೆ.

"ಅವನೇನು ಮಾಡ್ದ ಪಾಪ? ಅವನೂ ಮಗನ್ನ ಕಳ್ಕೊಂಡಿಲ್ವಾ?" ಅಂದೆ.

"ನಾನೂ ಕೈಗೆ ಅದನ್ನೇ ಹೇಳ್ತೀನಿ. ನಂಬಲ್ಲ ಅದು."

ಒಂದು ಭಾನುವಾರ ಮಧ್ಯಾಹ್ನ, ಸ್ಪಾಸ್ ಸೂಪು ಕುಡಿಯುತ್ತಿದ್ದಾಗ, ಅವಳು ಆ ಮುಷ್ಟಿಯನ್ನು ಮೇಜಿನ ಮೇಲಿಟ್ಟು ಕೇಳಿದಳು, "ಲಾರಿಗೆ ಏನಾಗಿತ್ತು?"

"ಏನಾಗಿತ್ತು ಅಂದ್ರೆ?"

"ನಂಗೊತ್ತಿಲ್ಲ. ಅದಕ್ಕೇ ಕೇಳ್ತಿದೀನಿ."

ಮೊದಲು ಕೂಗಾಡಿದ. ಆಮೇಲೆ ಅಳುತ್ತಾ ಎಲ್ಲ ಹೇಳಿದ. ಬ್ರೇಕು ಹತ್ತು ದಿನಗಳಿಂದ ಕೆಟ್ಟಿತ್ತು. ಪೆಡಲ್ ನೆಲಕ್ಕೆ ಹೋಗ್ತಿದೆ ಅಪ್ಪಾ ಎಂದು ಹುಡುಗ ಆ ಬೆಳಿಗ್ಗೆ ಹೇಳಿದ್ದ. ಹುಡುಗೀರ ಥರ ಹೆದರ್ಬೇಡ, ಇದೊಂದು ಲೋಡ್ ಇಳಿಸು ಎಂದು ಇವನು ಅಂದಿದ್ದ.

"ಮತ್ತೆ ಅವನದೇ ತಪ್ಪು ಅಂದ್ಯಲ್ಲಾ?"

"ಅವನು ಸತ್ತಾಗಿತ್ತು ಝಿವ್ಕಾ. ಅವನಿಗೆ ಇನ್ನೇನಾಗ್ಬೇಕಿತ್ತು? ನನ್ನನ್ನ ಜೈಲಿಗೆ ಹಾಕ್ತಿದ್ರು."

ಅವಳು ಹೊಡೆಯಲಿಲ್ಲ. ವರ್ಷದ ಪ್ರಾರ್ಥನೆಯ ದಿನ ಎಲ್ಲರ ಮುಂದೆ ಹೇಳು ಎಂದಳು. ಅವನು ಒಪ್ಪಿಕೊಂಡ.

ಆ ದಿನ ಬಂತು. ಸ್ಪಾಸ್ ಕಪ್ಪು ಕೋಟು ತೊಟ್ಟು, ಸತ್ತವರ ಹೆಸರಲ್ಲಿ ಕೊಡುವ ಬೇಯಿಸಿದ ಗೋಧಿಯನ್ನು ಲೋಟಗಳಲ್ಲಿ ಬಂದವರಿಗೆಲ್ಲ ಹಂಚಿದ. ಬಾಯಿ ಬಿಡಲಿಲ್ಲ. ಪಾದ್ರಿ ಹೊರಡುವ ಹೊತ್ತಿಗೆ ಝಿವ್ಕಾ ಸಮಾಧಿಯ ಪಕ್ಕ ನಿಂತು ಹೇಳಿದಳು:

"ನನ್ನ ಮಗ ಜೋರಾಗಿ ಓಡಿಸ್ಲಿಲ್ಲ. ಲಾರಿಗೆ ಬ್ರೇಕ್ ಇರ್ಲಿಲ್ಲ. ಅವನ ಅಪ್ಪನಿಗೆ ಗೊತ್ತಿತ್ತು."

ಅಷ್ಟು ಹೇಳಿ ಮಣ್ಣಿನ ಮೇಲೆ ಕುಸಿದು ಅತ್ತಳು. ಮಗ ಸತ್ತ ಮೇಲೆ ಅದೇ ಮೊದಲು. ಯಾರೂ ಹತ್ತಿರ ಹೋಗಲಿಲ್ಲ, ನಾನೂ ಹೋಗಲಿಲ್ಲ.

"ತಲೆ ಕೆಟ್ಟಿದೆ ಇವಳಿಗೆ. ಸತ್ತವನಿಗೋಸ್ಕರ ಬದುಕಿರೋನ ಮಾನ ಕಳೀತಿದಾಳೆ" ಎಂದು ಸ್ಪಾಸನ ಅಕ್ಕ ಎಲ್ಲರಿಗೂ ಕೇಳುವಂತೆ ಅಂದಳು. ಜನ ಗೋಧಿಯ ಲೋಟ ಹಿಡಿದುಕೊಂಡು ಚದುರಿದರು.

ಆ ವಾರವೇ ಝಿವ್ಕಾ ಅಂಗಡಿಯ ಮೇಲಿನ ಕೋಣೆಗೆ ಬಂದುಬಿಟ್ಟಳು. ಪೊಲೀಸರು ಸ್ಪಾಸನನ್ನು ಎರಡು ಸಲ ಕರೆಸಿದರು. ಲಾರಿ ಎಂದೋ ಗುಜರಿಗೆ ಹೋಗಿತ್ತು. ಅವನು ಏನನ್ನೂ ಒಪ್ಪಲಿಲ್ಲ. ಮಾತು ಅಲ್ಲಿಗೇ ನಿಂತಿತು. ಆದರೆ ಅವಳ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು, ಹೆಬ್ಬೆರಳು ಕೊನೆಗೆ. ಮಾತ್ರೆಯಿಲ್ಲದೆ ನಿದ್ದೆ ಬರುತ್ತದೆ, ಉಸಿರು ಹೊಟ್ಟೆಯವರೆಗೂ ಇಳಿಯುತ್ತದೆ ಎಂದಳು.

ಹೋದ ತಿಂಗಳು ಹಿಟ್ಟು ಎಳೆಯುತ್ತಾ ನನ್ನನ್ನು ಕೇಳಿದಳು, "ಸ್ತಾನ್ಕಾ, ಗಿರಾಕಿಗಳು ಲ್ಯೂಬೆನ್ ವಿಷ್ಯ ಕೇಳ್ದಾಗ ನೀನೇನು ಹೇಳ್ತಿದ್ದೆ?"

"ಎಲ್ಲರೂ ಹೇಳಿದ್ದೇ."

"ಅಂದ್ರೆ?"

"ಜೋರಾಗಿ ಓಡಿಸ್ದ ಅಂತ."

"ಹೂಂ. ಒಳಗೆ ಕೇಳಿಸ್ತಿತ್ತು."

ಎಳೆದ ಹಿಟ್ಟಿನ ಹಾಳೆಯನ್ನು ಮಗುಚಿ ಹಾಕಿ ಚೀಸ್ ಉದುರಿಸಿದಳು. ಹತ್ತು ಗಂಟೆಗೆ ಹಿತ್ತಿಲ ಮೆಟ್ಟಿಲ ಮೇಲೆ ಕೂತು ಇಬ್ಬರೂ ಕಾಫಿ ಕುಡಿಯುವುದು ನಮ್ಮ ರೂಢಿಯಾಗಿತ್ತು. ಅಂದಿನಿಂದ ಅವಳು ತನ್ನ ಕಾಫಿಯನ್ನು ಮೇಲಿನ ಕೋಣೆಗೆ ತೆಗೆದುಕೊಂಡು ಹೋಗುತ್ತಾಳೆ.